ಮಿರಗದ ಮೀನು, ಮಾವನ ಪಂಪು



ಮೃಗಶಿರ ಮಳೆ ಹತ್ತಿರ ಬಂತೆಂದರೆ ಹೈದರಾಬಾದಿನ ನಮ್ಮಂಥ ಕನ್ನಡಿಗರ ಮನೆಗಳಿಗೆ ರಾಯಚೂರು, ಕಲಬುರಗಿ ಕಡೆಯ ನೆಂಟರು ಬಂದಿಳಿಯುವುದು ನಿಮಗೆ ಗೊತ್ತೇ ಇದೆ. ಬರುವುದು ನಮ್ಮನ್ನು ನೋಡಲಿಕ್ಕಲ್ಲ, ಉಬ್ಬಸಕ್ಕೆಂದು ಹಂಚುವ ಮೀನಿನ ಪ್ರಸಾದಕ್ಕೆ. ಈಗ ಅದು ನಾಂಪಲ್ಲಿಯ ವಸ್ತುಪ್ರದರ್ಶನ ಮೈದಾನದಲ್ಲಿ. ಬೆರಳುದ್ದದ ಜೀವಂತ ಮೀನಿನ ಬಾಯಿಗೆ ಹಳದಿ ಔಷಧ ತುರುಕಿ ಕೊಡುತ್ತಾರೆ, ಹಾಗೆಯೇ ನುಂಗಬೇಕು. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ. ಸತತ ಮೂರು ವರ್ಷ ತೆಗೆದುಕೊಳ್ಳಬೇಕೆಂಬುದು ನಿಯಮ.

ನಾನು ನಿಮ್ಮ ವಯಸ್ಸಿನವನಿದ್ದಾಗ ನನ್ನ ಸೋದರಮಾವ ಬಂದಿದ್ದರು. ನಾನು ಮೂಗು ಮುರಿದೆ. ಮಾವ ಮಾತ್ರ ಮರುದಿನ ನಮ್ಮ ಮೂರನೇ ಮಹಡಿಗೆ ಎಲ್ಲೂ ನಿಲ್ಲದೆ ಹತ್ತಿ ಬಂದು, "ನೋಡಪಾ, ಎದಿ ಹೆಂಗ ಹಗುರ ಆಗ್ಯಾದ" ಎಂದರು. ಇನ್‌ಹೇಲರನ್ನು, ಅವರ ಬಾಯಲ್ಲಿ ಅದು 'ಪಂಪು', ನಮ್ಮ ಮೇಜಿನ ಮೇಲೆ ಬಿಟ್ಟೇ ಊರಿಗೆ ಹೊರಟರು. ಎಂಟನೆಯ ರಾತ್ರಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಉಳಿದದ್ದು ಪುಣ್ಯ.

ಮಾವ ತಮ್ಮನ್ನು ತಾವೇ ಮೋಸ ಮಾಡಿಕೊಂಡರು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಅಷ್ಟು ಸರಳವಲ್ಲ. 2011ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಅಮೆರಿಕದ ವೈದ್ಯರ ಒಂದು ಪ್ರಯೋಗ ಪ್ರಕಟವಾಯಿತು. 39 ಉಬ್ಬಸ ರೋಗಿಗಳಿಗೆ ಬೇರೆ ಬೇರೆ ದಿನ ನಿಜವಾದ ಸಾಲ್ಬುಟಮಾಲ್ ಪಂಪು, ಔಷಧವಿಲ್ಲದ ಪಂಪು, ಚುಚ್ಚಿದಂತೆ ನಟಿಸುವ ಸೂಜಿ ಚಿಕಿತ್ಸೆ ಕೊಟ್ಟರು. ಕೆಲವು ದಿನ ಏನೂ ಕೊಡಲಿಲ್ಲ. ಎಷ್ಟು ಹಗುರಾಯಿತು ಎಂದು ಕೇಳಿದರೆ ಮೊದಲ ಮೂರಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ: ಶೇಕಡಾ 50, 45, 46. ಏನೂ ಕೊಡದ ದಿನ 21. ಆದರೆ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆಂದು ಯಂತ್ರದಲ್ಲಿ ಊದಿಸಿ ಅಳೆದಾಗ, ನಿಜವಾದ ಔಷಧಕ್ಕೆ ಶೇಕಡಾ 20 ಏರಿಕೆ. ಮಿಕ್ಕ ಮೂರಕ್ಕೂ ಸುಮಾರು 7 ಅಷ್ಟೇ.

ಅಂದರೆ ಮಾವನ ಹಗುರ ಸುಳ್ಳಲ್ಲ. ಶ್ವಾಸನಾಳ ಮಾತ್ರ ಬಿಚ್ಚಿಕೊಂಡಿರಲಿಕ್ಕಿಲ್ಲ.

ನೋವಿನ ವಿಷಯದಲ್ಲಿ ನಂಬಿಕೆಯ ಕೈ ಇನ್ನಷ್ಟು ಉದ್ದ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ಪ್ರಯೋಗ ನಡೆಯಿತು. ಹುಸಿ ಮದ್ದಿನಿಂದಲೇ ನೋವು ತಗ್ಗಿದವರಿಗೆ, ಅಫೀಮಿನ ಕೆಲಸವನ್ನು ತಡೆಯುವ ನಾಲೋಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಿರೀಕ್ಷೆಯೊಂದರಿಂದಲೇ ಮೆದುಳು ತನ್ನದೇ ನೋವುನಿವಾರಕವನ್ನು ಸುರಿಸುತ್ತದೆ ಎಂಬುದಕ್ಕೆ ಸಿಕ್ಕ ದೊಡ್ಡ ಸುಳಿವು ಅದು. ಶ್ವಾಸನಾಳದ ಸ್ನಾಯು ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ, ಕಷ್ಟ ಇರುವುದೇ ಅಲ್ಲಿ: ಹಗುರಾದೆನೆಂಬ ಭಾವನೆ ಬಂದವನೇ ಔಷಧ ಬಿಡುವವನು.

ಮುಂದಿನ ಜೂನಿನಲ್ಲಿ ನಿಮ್ಮ ಮನೆಗೂ ಯಾರಾದರೂ ಬಂದಾರು. ದಯವಿಟ್ಟು ನನ್ನ ಹಾಗೆ ಮೂಗು ಮುರಿಯಬೇಡಿ. ಮೂಗು ಮುರಿದವನ ಮಾತನ್ನು ಹಿರಿಯರು ಆಮೇಲೆ ಕೇಳುವುದಿಲ್ಲ. ಸಾಲಿನಲ್ಲಿ ಜೊತೆಗೆ ನಿಂತು ಕೊಡೆ ಹಿಡಿಯಿರಿ. ದಿನವೂ ಎಳೆಯುವ ಪಂಪು ಬೇರೆ, ಉಸಿರು ಕಟ್ಟಿದಾಗಿನದು ಬೇರೆ. ಹೊರಡುವಾಗ ಎರಡೂ ಚೀಲದಲ್ಲಿವೆಯೇ ನೋಡಿ.

ಮಾವ ಮತ್ತೆ ಎರಡು ವರ್ಷ ಬಂದರು, ಲೆಕ್ಕ ಮೂರರದ್ದಲ್ಲವೇ! ಎರಡೂ ಸಲ ಪಂಪನ್ನು ನಾನೇ ಅವರ ಅಂಗಿಯ ಜೇಬಿಗೆ ಹಾಕಿ ರೈಲು ಹತ್ತಿಸಿದೆ.