ತಗ್ಗಿಸಿದ ಪಿಕಪ್ಪಿನ ನಡುಕ, ಮತ್ತು ಅದರ ಬಿಲ್ಲು

ಪಿಕಪ್ ಟ್ರಕ್ಕನ್ನು ನೆಲಕ್ಕೆ ಹತ್ತಿರ ಇಳಿಸುವುದು ಅಮೆರಿಕದಲ್ಲಿ ಹಳೆಯ ಶೋಕಿ. ಕ್ಯಾಲಿಫೋರ್ನಿಯಾದಲ್ಲಿ, ಟೆಕ್ಸಾಸಿನಲ್ಲಿ, ಹೊರೆ ಹೊರಲೆಂದು ಎತ್ತರವಾಗಿ ಹುಟ್ಟಿದ ಗಾಡಿಯ ಬೆನ್ನನ್ನು ಐದಾರು ಇಂಚು ತಗ್ಗಿಸಿ, ಚಕ್ರ ಮಡ್‌ಗಾರ್ಡಿನೊಳಗೆ ಅಡಗುವಂತೆ ಮಾಡಿ, ಅದರ ಅಂದ ನೋಡುತ್ತಾ ನಿಲ್ಲುವವರು ಸಾವಿರಾರು ಜನ. ಗರಾಜಿನಿಂದ ಬಂದ ದಿನ ಮಾಲೀಕ ಊರೊಳಗೆ ಒಂದು ಸುತ್ತು ಹೊಡೆಯುತ್ತಾನೆ. ಎಲ್ಲವೂ ಸರಿ. ಮರುದಿನ ಹೆದ್ದಾರಿ ಹತ್ತುತ್ತಾನೆ. ವೇಗ ತೊಂಬತ್ತು ಕಿಲೋಮೀಟರ್ ದಾಟುತ್ತಿದ್ದಂತೆ ಸೀಟಿನಡಿಯಿಂದ ಒಂದು ಜುಮುಜುಮು ಏಳುತ್ತದೆ. ಕನ್ನಡಿಯಲ್ಲಿ ಹಿಂದಿನ ಗಾಡಿಗಳ ಅಂಚು ಮಸುಕಾಗುತ್ತದೆ. ಕಾಲು ತೆಗೆದರೆ ಕಮ್ಮಿ, ಒತ್ತಿದರೆ ಜಾಸ್ತಿ.

ಮುಂದಿನದು ಎಲ್ಲ ಕಡೆಯೂ ಒಂದೇ ಕಥೆ. ಮೊದಲು ಟೈರ್ ಬ್ಯಾಲೆನ್ಸ್. ಹೋಗಲಿಲ್ಲವೆಂದರೆ ಹೊಸ ಟೈರು. ಆಮೇಲೆ ಚಕ್ರದ ಬೇರಿಂಗು, ಶಾಫ್ಟಿನ ಜಾಯಿಂಟು, ಕೊನೆಗೆ ಶಾಫ್ಟನ್ನೇ ಬಿಚ್ಚಿ ಬ್ಯಾಲೆನ್ಸಿಗೆ ಕಳಿಸುವುದು. ಪ್ರತಿ ಸಲವೂ ಬಿಲ್ಲು ಮಾಲೀಕನದು, ನಡುಕ ಮಾತ್ರ ಅಲ್ಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಬದಲಾದದ್ದು ಯಾವ ಬಿಡಿಭಾಗವೂ ಅಲ್ಲ, ಬಿಡಿಭಾಗಗಳ ನಡುವಿನ ಕೋನ. ಅದನ್ನು ಬದಲಿಸಿದವನು ಗಾಡಿ ತಗ್ಗಿಸಿದವನು. ಅಳೆದು ಸರಿಮಾಡುವುದೂ ಅವನ ಕೆಲಸವೇ ಆಗಬೇಕು. ಈಗ ನಡೆಯುತ್ತಿರುವುದು ಹಾಗಲ್ಲ.

ಇಂಜಿನ್ನಿನ ಶಕ್ತಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಒಂದು ಉದ್ದನೆಯ ಕೊಳವೆಯ ಮೂಲಕ ಹೋಗುತ್ತದೆ. ಅದೇ ಪ್ರೊಪೆಲ್ಲರ್ ಶಾಫ್ಟ್. ಪುಣೆಯ ಸಿಗ್ನಲ್ಲಿನಲ್ಲೋ ಹೈದರಾಬಾದಿನ ರಿಂಗ್ ರೋಡಿನಲ್ಲೋ ಲಾರಿಯ ಹಿಂದೆ ನಿಂತವರಿಗೆ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥ ಒಂದು ಉಂಡೆ ಕಾಣುತ್ತದಲ್ಲ, ಅದರ ಮುಂದಿನ ಮೂತಿಗೆ ಬಂದು ಸೇರುವುದೇ ಈ ಕೊಳವೆ. ಆ ಮೂತಿಗೆ ಪಿನಿಯನ್ ಎಂದು ಹೆಸರು. ಗೇರ್‌ಬಾಕ್ಸು ಚಾಸಿಗೆ ಕಟ್ಟಿಕೊಂಡು ಕದಲದೆ ಕೂತಿರುತ್ತದೆ, ಆಕ್ಸಲ್ಲು ರಸ್ತೆಯ ಉಬ್ಬುತಗ್ಗಿಗೆ ಮೇಲೆ ಕೆಳಗೆ ಆಡುತ್ತದೆ. ಹಾಗಾಗಿ ಶಾಫ್ಟಿನ ಎರಡೂ ತುದಿಯಲ್ಲಿ ಬಾಗಬಲ್ಲ ಕೀಲು ಬೇಕು. ಭಾರತದ ಗರಾಜುಗಳಲ್ಲಿ ‘ಕ್ರಾಸ್’ ಎಂದಷ್ಟೇ ಕರೆಯುವ ಯು-ಜಾಯಿಂಟ್ ಅದು. ಯುರೋಪಿನವರು ಇದಕ್ಕೆ 16ನೇ ಶತಮಾನದ ಕಾರ್ಡಾನೊನ ಹೆಸರು ಕೊಟ್ಟರು, ಇಂಗ್ಲಿಷರು 17ನೇ ಶತಮಾನದ ರಾಬರ್ಟ್ ಹುಕ್‌ನ ಹೆಸರು. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಪೇಟೆಂಟ್ ಪಡೆದು ಇದನ್ನು ಮೋಟಾರು ಗಾಡಿಗೆ ಒಗ್ಗಿಸಿದ.

ಈ ಕೀಲಿಗೊಂದು ಹುಟ್ಟುಗುಣವಿದೆ. ನೆಟ್ಟಗಿದ್ದಾಗ ಸಮನಾಗಿ ತಿರುಗುತ್ತದೆ. ಬಾಗಿದಾಗ ಒಂದು ಕಡೆಯಿಂದ ಒಂದೇ ವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಓಡಿ, ಎರಡು ಸಲ ನಿಧಾನಿಸುತ್ತದೆ. ಬಾಗು 3 ಡಿಗ್ರಿ ಇದ್ದರೆ ಈ ಏರಿಳಿತ ಸರಾಸರಿಯ ಆಚೀಚೆ ಶೇಕಡಾ 0.14ರಷ್ಟು. 10 ಡಿಗ್ರಿಯಾದರೆ ಶೇಕಡಾ 1.5. ಅಂದರೆ ಕೋನ ಮೂರು ಪಟ್ಟು ಚಿಲ್ಲರೆ ಹೆಚ್ಚಿದರೆ ಕುಲುಕಾಟ ಹನ್ನೊಂದು ಪಟ್ಟು. ‘ಸ್ವಲ್ಪವೇ ಓರೆಯಾಗಿದೆ, ಏನಾಗಲ್ಲ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಕಾರ್ಖಾನೆಯವರು ಇದನ್ನು ಸರಳವಾಗಿ ನಿಭಾಯಿಸಿದ್ದಾರೆ. ಮುಂದಿನ ಕೀಲು ಎಷ್ಟು ಬಾಗಿದೆಯೋ ಹಿಂದಿನದು ಅಷ್ಟೇ ವಿರುದ್ಧವಾಗಿ ಬಾಗುವಂತೆ ಇಟ್ಟರೆ, ಮೊದಲನೆಯದರ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ಗೇರ್‌ಬಾಕ್ಸಿನಿಂದ ಹೊರಬರುವ ರೇಖೆ, ಪಿನಿಯನ್ನಿನ ರೇಖೆ ಎರಡೂ ಸಮಾನಾಂತರವಾಗಿದ್ದರೆ ಸಾಕು. ನಡುವಿನ ಕೊಳವೆ ಮಾತ್ರ ಆ ಏರಿಳಿತವನ್ನು ತಾನೇ ನುಂಗಿಕೊಂಡು ತಿರುಗುತ್ತದೆ. ಆದ್ದರಿಂದ ಕೋನಗಳು ಸಮನಾಗಿದ್ದರಷ್ಟೇ ಸಾಲದು, ಸಣ್ಣದಾಗಿಯೂ ಇರಬೇಕು. ಹೆದ್ದಾರಿ ಗಾಡಿಗೆ 3 ಡಿಗ್ರಿಯೊಳಗೆ ಇರಲಿ, ಎರಡು ತುದಿಗಳ ವ್ಯತ್ಯಾಸ 1 ಡಿಗ್ರಿ ದಾಟದಿರಲಿ ಎನ್ನುವುದು ರೂಢಿಯ ಲೆಕ್ಕ. ಸೊನ್ನೆಯೂ ಒಳ್ಳೆಯದಲ್ಲ. ಕ್ರಾಸಿನೊಳಗಿನ ಸೂಜಿಯಂಥ ಬೇರಿಂಗುಗಳು ಅಷ್ಟಿಷ್ಟು ಉರುಳುತ್ತಿರಬೇಕು, ಇಲ್ಲದಿದ್ದರೆ ಕೂತಲ್ಲೇ ಗುಳಿ ತೋಡುತ್ತವೆ.

ಹಿಂಭಾಗ ತಗ್ಗಿಸುವುದೆಂದರೆ, ಗಾಡಿಯ ಮೈಯಿಂದ ನೋಡಿದಾಗ, ಆಕ್ಸಲ್ಲನ್ನು ಮೇಲಕ್ಕೆ ತರುವುದು. ಹೆಚ್ಚಿನ ಪಿಕಪ್ಪುಗಳಲ್ಲಿ ಆಕ್ಸಲ್ಲನ್ನು ಹಿಡಿದಿರುವುದು ಕಮಾನು ಪಟ್ಟಿ. ಪಟ್ಟಿಯ ಹಿಂದಿನ ತುದಿಯ ಶ್ಯಾಕಲ್ ಬದಲಿಸಿ ಆ ತುದಿಯನ್ನಷ್ಟೇ ಚಾಸಿಯ ಕಡೆಗೆ ಎತ್ತಿದರೆ ಪಟ್ಟಿ ಇಡಿಯಾಗಿ ಮುಂದಕ್ಕೆ ಓರೆಯಾಗುತ್ತದೆ. ಜೊತೆಗೆ ಪಿನಿಯನ್ನಿನ ಮೂತಿ ನೆಲ ನೋಡುತ್ತದೆ. ಮುಂದಿನ ಹ್ಯಾಂಗರನ್ನಷ್ಟೇ ಬದಲಿಸಿದರೆ ಮೂತಿ ಆಕಾಶ ನೋಡುತ್ತದೆ. ಎರಡನ್ನೂ ಸಮನಾಗಿ ಎತ್ತಿದರೆ ಮೂತಿ ಇದ್ದಂತೆಯೇ ಇರುತ್ತದೆ. ಇಷ್ಟು ಸರಳ ವಿಷಯ, ಆದರೂ ಎರಡರಲ್ಲಿ ಒಂದನ್ನು ಮಾತ್ರ ಕೊಂಡು ಹಾಕಿಸುವವರಿಗೆ ಕೊರತೆಯಿಲ್ಲ. ಅಗ್ಗ ಎನ್ನುವುದೇ ಕಾರಣ.

ಐದಾರು ಇಂಚು ಬೇಕೆಂದವರು ‘ಫ್ಲಿಪ್’ ಮಾಡಿಸುತ್ತಾರೆ. ಕಮಾನಿನ ಕೆಳಗಿದ್ದ ಆಕ್ಸಲ್ಲನ್ನು ಕಮಾನಿನ ಮೇಲೆ ಕೂರಿಸುವುದು. ಆಕ್ಸಲ್ಲು ಮೇಲೇಳಲು ಜಾಗ ಬೇಕಾದ್ದರಿಂದ ಚಾಸಿಯಲ್ಲಿ ಇಂಗ್ಲಿಷಿನ ಸಿ ಅಕ್ಷರದಂತೆ ಕಚ್ಚು ಹಾಕಿ ಬಲಪಡಿಸುತ್ತಾರೆ. ಶಾಫ್ಟು ಒಂದೇ ತುಂಡಾಗಿದ್ದು ಐದು ಅಡಿ ಉದ್ದವಿದ್ದರೆ, ಐದು ಇಂಚಿನ ಬದಲಾವಣೆಗೆ ಅದರ ಇಳಿಜಾರು ಸುಮಾರು 4.8 ಡಿಗ್ರಿ ಬದಲಾಗುತ್ತದೆ. ಪಿನಿಯನ್ ಸಮಾನಾಂತರವಾಗಿಯೇ ಉಳಿದರೆ ಇದನ್ನು ಗಾಡಿ ಸಹಿಸಿಕೊಂಡೀತು. ಕೆಲವೊಮ್ಮೆ ಮೊದಲಿಗಿಂತ ನಯವಾಗಿಯೂ ಓಡೀತು. ಉದ್ದನೆಯ ಪಿಕಪ್ಪುಗಳ ಕಥೆ ಬೇರೆ. ಅಲ್ಲಿ ಶಾಫ್ಟು ಎರಡು ತುಂಡು, ನಡುವೆ ಚಾಸಿಗೆ ನೇತುಹಾಕಿದ ಒಂದು ಬೇರಿಂಗು. ಮುಂದಿನ ತುಂಡು ಕದಲುವುದಿಲ್ಲ. ಐದು ಇಂಚಿನ ಭಾರವೆಲ್ಲ ಹಿಂದಿನ ಗಿಡ್ಡ ತುಂಡಿನ ಮೇಲೆ. ಅದು 40 ಇಂಚಿನದ್ದಾದರೆ ಬದಲಾವಣೆ 7 ಡಿಗ್ರಿ ದಾಟುತ್ತದೆ.

ಎರವಲು ಸಲಹೆ ಹೆಚ್ಚು ಹಾಳುಮಾಡುವುದು ಇಲ್ಲಿಯೇ. ಗಾಡಿ ಎತ್ತರಿಸಿದವರು ನಡುವಿನ ಬೇರಿಂಗಿಗೆ ತುಂಡು ಕೊಟ್ಟು ಕೆಳಗಿಳಿಸುತ್ತಾರೆ. ಅವರಿಗೆ ಅದು ಸರಿ, ಅವರ ಆಕ್ಸಲ್ಲು ಚಾಸಿಯಿಂದ ದೂರ ಹೋಗಿದೆ. ತಗ್ಗಿಸಿದವನ ಆಕ್ಸಲ್ಲು ಚಾಸಿಯ ಹತ್ತಿರ ಬಂದಿದೆ, ಅವನ ಬೇರಿಂಗು ಮೇಲೇರಬೇಕು. ಆದರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಕೆಳಗಿಳಿಸುವ ತುಂಡು. ಅದನ್ನೇ ತಂದು ಹಾಕಿಕೊಂಡು, ನಡುಕ ಹೆಚ್ಚಾಯಿತೆಂದು ಶಾಫ್ಟನ್ನು ಬೈಯುತ್ತಾರೆ.

‘ಪಿನಿಯನ್ ನೇರವಾಗಿ ಗೇರ್‌ಬಾಕ್ಸನ್ನೇ ನೋಡಬೇಕು’ ಎನ್ನುವ ಇನ್ನೊಂದು ಜನಪ್ರಿಯ ಉಪದೇಶವಿದೆ. ಮುಂದಿನ ತುದಿಯಲ್ಲಿ ಜೋಡಿ ಕ್ರಾಸಿನ ಕೀಲು ಇರುವ ಶಾಫ್ಟಿಗೆ ಇದು ಹೌದು, ಏಕೆಂದರೆ ಆ ಜೋಡಿ ತನ್ನ ಏರಿಳಿತವನ್ನು ತಾನೇ ಅಳಿಸಿಕೊಳ್ಳುತ್ತದೆ. ತುದಿಗೊಂದು ಒಂಟಿ ಕ್ರಾಸ್ ಇರುವ ಸಾಮಾನ್ಯ ಶಾಫ್ಟಿಗೆ ಇದನ್ನು ಅನ್ವಯಿಸಿದರೆ ಹಿಂದಿನ ಕೀಲು ನೆಟ್ಟಗಾಗಿ, ಮುಂದಿನ ಕೀಲಿನ ಕುಲುಕಾಟ ಅಳಿಸುವವರಿಲ್ಲದೆ ಪೂರಾ ಆಕ್ಸಲ್ಲಿಗೆ ಹೋಗುತ್ತದೆ. ಅರ್ಧ ಸತ್ಯವನ್ನು ಅಷ್ಟು ಧೈರ್ಯವಾಗಿ ಹೇಳುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ.

ನಡುಕ ಎಲ್ಲಿಂದ ಎಂದು ತಿಳಿಯಲು ಬಿಡಿಭಾಗ ಬದಲಿಸಬೇಕಾಗಿಲ್ಲ. ಗಾಡಿಯೇ ಹೇಳುತ್ತದೆ. ಗಂಟೆಗೆ ನೂರು ಕಿಲೋಮೀಟರಿನಲ್ಲಿ 28 ಇಂಚು ವ್ಯಾಸದ ಟೈರು ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಆಕ್ಸಲ್ಲಿನ ಅನುಪಾತ 3.73 ಆದರೆ ಶಾಫ್ಟು 46 ಸುತ್ತು. ಟೈರಿನ ತೂಕ ತಪ್ಪಿದ್ದರೆ ಸೆಕೆಂಡಿಗೆ 12ರ ದಪ್ಪ ಕುಲುಕು, ಶಾಫ್ಟಿನ ತೂಕ ತಪ್ಪಿದ್ದರೆ 46. ಕೀಲಿನ ಕೋನ ತಪ್ಪಿದ್ದರೆ ಸುತ್ತಿಗೆ ಎರಡರಂತೆ 92ರ ಆಸುಪಾಸು. ಅದು ಕುಲುಕಲ್ಲ, ಜೇನುಗೂಡಿನ ಹತ್ತಿರ ಕೂತಂಥ ಗುಂಯ್‌ಗುಡುವಿಕೆ. ಕೈಗೂ ಕಿವಿಗೂ ಈ ವ್ಯತ್ಯಾಸ ಗೊತ್ತಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ಇಳಿದರೆ ಅನುಮಾನ ಇನ್ನೂ ಬಲವಾಗುತ್ತದೆ. ಎಳೆತ ಬಿದ್ದಾಗ ಕಮಾನು ಪಟ್ಟಿ ತಿರುಚಿಕೊಂಡು ಪಿನಿಯನ್ನಿನ ಮೂತಿಯನ್ನು ಎತ್ತುತ್ತದೆ, ಕೋನ ಮತ್ತೆ ಬದಲಾಗುತ್ತದೆ. ಬಲ್ಲವರು ನಿಂತ ಗಾಡಿಯಲ್ಲಿ ಮೂತಿಯನ್ನು ಒಂದೆರಡು ಡಿಗ್ರಿ ತಗ್ಗಿಸಿಯೇ ಇಡುವುದು ಇದಕ್ಕಾಗಿ.

ಇದನ್ನೆಲ್ಲ ಅಳೆಯಲು ಬೇಕಾದದ್ದು ಒಂದು ಡಿಜಿಟಲ್ ಕೋನಮಾಪಕ. ಅದರ ಬೆಲೆ ಒಂದು ಟೈರಿಗಿಂತ ಕಡಿಮೆ. ಸಮತಟ್ಟು ನೆಲ, ಚಕ್ರಗಳ ಮೇಲೆ ಗಾಡಿಯ ಪೂರ್ತಿ ಭಾರ. ಜ್ಯಾಕಿನ ಮೇಲೆ ಆಕ್ಸಲ್ಲು ಜೋತಾಡುವಾಗ ಅಳೆದರೆ ಅಳೆಯದಿದ್ದಂತೆಯೇ. ಗೇರ್‌ಬಾಕ್ಸಿನ ತುದಿ, ಶಾಫ್ಟಿನ ಪ್ರತಿ ತುಂಡು, ಪಿನಿಯನ್ನಿನ ಮುಖ. ಮೂರ್ನಾಲ್ಕು ಸಂಖ್ಯೆ, ಒಂದೆರಡು ಕಳೆಯುವ ಲೆಕ್ಕ. ತಗ್ಗಿಸುವ ಮೊದಲೊಮ್ಮೆ, ತಗ್ಗಿಸಿದ ಮೇಲೊಮ್ಮೆ. ಮೊದಲಿನ ಅಳತೆ ಬರೆದಿಟ್ಟುಕೊಳ್ಳದ ಗರಾಜು ರೋಗಿಯ ಹಳೆಯ ಚೀಟಿ ಹರಿದೆಸೆದ ವೈದ್ಯನಂತೆ. ಶಾಫ್ಟನ್ನು ಬಿಚ್ಚುವ ಮೊದಲು ಬಣ್ಣದ ಗೆರೆ ಎಳೆಯುವುದಕ್ಕೆ ಹತ್ತು ಸೆಕೆಂಡು ಸಾಕು. ಎರಡು ತುಂಡಿನ ಶಾಫ್ಟನ್ನು ಮತ್ತೆ ಜೋಡಿಸುವಾಗ ಒಂದು ಹಲ್ಲು ಆಚೀಚೆಯಾದರೆ ಕ್ರಾಸುಗಳ ಹೊಂದಾಣಿಕೆ ತಪ್ಪುತ್ತದೆ. ಆಮೇಲೆ ಕೋನ ಎಷ್ಟೇ ಸರಿಯಿದ್ದರೂ ನಡುಕ ಹೋಗದು.

ಪರಿಹಾರವೂ ಅಂಥ ದೊಡ್ಡದಲ್ಲ. ಕಮಾನಿಗೂ ಆಕ್ಸಲ್ಲಿಗೂ ನಡುವೆ 2 ಅಥವಾ 4 ಡಿಗ್ರಿಯ ಬೆಣೆ. ಅಲ್ಯೂಮಿನಿಯಂ ಬೇಡ, ಜಜ್ಜಿಹೋಗುತ್ತದೆ, ಉಕ್ಕಿನದೇ ಇರಲಿ. ಹಳೆಯ ಯು-ಬೋಲ್ಟು ಒಮ್ಮೆ ಹಿಗ್ಗಿದ್ದು, ಹೊಸದನ್ನೇ ಹಾಕಬೇಕು. ಶಾಫ್ಟಿನ ಜಾರುವ ತುದಿ ಗೇರ್‌ಬಾಕ್ಸಿನೊಳಗೆ ಕೊನೆಮುಟ್ಟದಂತೆ ಒಂದು ಇಂಚಿನಷ್ಟಾದರೂ ಜಾಗ ಉಳಿದಿದೆಯೇ ನೋಡಬೇಕು.

‘ತಗ್ಗಿಸಿದ ಗಾಡಿ ಅಂದಮೇಲೆ ಸ್ವಲ್ಪ ನಡುಗುವುದು ಮಾಮೂಲು’ ಎಂದು ಸಮಾಧಾನ ಹೇಳುವವರಿದ್ದಾರೆ. ಇದು ಮಾಮೂಲಲ್ಲ. ವರ್ಷಗಟ್ಟಲೆ ಈ ಗುಂಯ್‌ಗುಡುವಿಕೆಯಲ್ಲಿ ಓಡಿದ ಕ್ರಾಸು ಸವೆದು ಒಂದು ದಿನ ಬಿಟ್ಟುಕೊಟ್ಟರೆ, ಸೆಕೆಂಡಿಗೆ 46 ಸುತ್ತು ತಿರುಗುವ ಉಕ್ಕಿನ ಕೊಳವೆ ಕಾಲಿನ ಕೆಳಗೆ ಬಡಿದಾಡುತ್ತದೆ ಅಥವಾ ರಸ್ತೆಗೆ ಬಿದ್ದು ಹಿಂದಿನವರ ಪಾಲಾಗುತ್ತದೆ. ಇದಕ್ಕೆ ವಿರುದ್ಧವಾಗಿ ‘ಗಾಡಿ ಮುಟ್ಟಲೇಬಾರದು’ ಎನ್ನುವ ಮಡಿವಂತರ ಮಾತೂ ಒಪ್ಪುವಂಥದ್ದಲ್ಲ. ಅಳೆದು ತಗ್ಗಿಸಿದ ಪಿಕಪ್ಪು ಕಾರ್ಖಾನೆಯದರಷ್ಟೇ ನಯವಾಗಿ ಓಡಬಲ್ಲದು.

ಕಾನೂನು ಈ ವಿಷಯದಲ್ಲಿ ಕುರುಡು. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಗಾಡಿಯ ಬೇರೆ ಯಾವ ಭಾಗವೂ ನೆಲಕ್ಕೆ ಹತ್ತಿರವಾಗಬಾರದು ಎಂದು ಕ್ಯಾಲಿಫೋರ್ನಿಯಾದ ವಾಹನ ಸಂಹಿತೆ 2023ರ ಕೊನೆಯವರೆಗೆ ಹೇಳುತ್ತಿತ್ತು. ಎತ್ತರ ಅಳೆಯುತ್ತಿದ್ದ ಆ ನಿಯಮಕ್ಕೆ ಕೋನದ ಗೊಡವೆಯಿರಲಿಲ್ಲ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಯನ್ನೇ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗೆಂದು ಹೆಚ್ಚು ಹೊರೆಗಾಗಿ ಪಿಕಪ್ಪಿಗೆ ಎರಡು ಪಟ್ಟಿ ಸೇರಿಸುವುದು, ಜೀಪನ್ನು ಎತ್ತರಿಸುವುದು ಇಲ್ಲೇನು ನಿಂತಿಲ್ಲ. ದಿಕ್ಕು ತಿರುಗುಮುರುಗು, ಜ್ಯಾಮಿತಿ ಅದೇ, ‘ಕ್ರಾಸ್ ಹೋಗಿದೆ ಸಾರ್’ ಎನ್ನುವ ಮಾತೂ ಅದೇ.

ಬೇಕಾದದ್ದು ಹೊಸ ಕಾನೂನಿಗಿಂತ ಬಿಲ್ಲಿನಲ್ಲಿ ಒಂದು ಸಾಲು. ಕಿಟ್ ಮಾರುವವರು ಪೆಟ್ಟಿಗೆಯಲ್ಲಿ ನಟ್ಟುಬೋಲ್ಟಿನ ಜೊತೆ ಒಂದು ಬೆಣೆಯನ್ನೂ ಕೋನದ ಚೀಟಿಯನ್ನೂ ಇಡಲಿ. ಕೂರಿಸುವ ಗರಾಜು ಆ ಚೀಟಿಯಲ್ಲಿ ಮೊದಲಿನ ಅಳತೆ, ಆಮೇಲಿನ ಅಳತೆ ಬರೆದು ಸಹಿ ಹಾಕಲಿ. ಹೊಸ ಕಮಾನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನಷ್ಟು ಕೂರುತ್ತದೆ. ಯು-ಬೋಲ್ಟು ಬಿಗಿ ಮಾಡಿಸಲು ಗಾಡಿ ಹೇಗೂ ಮರಳಿ ಬರಬೇಕು. ಆಗ ಮೂರನೆಯ ಸಲ ಅಳೆಯಲಿ, ಆ ಸಲದ್ದಕ್ಕೆ ದುಡ್ಡು ಕೇಳದೆ.