ಮನೆಯ ಆರೈಕೆಗೂ ಅಳತೆ ಬೇಕು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ವಿಷಾದದಿಂದ ಆಡಿದರೇ ಹೊರತು ಉಪದೇಶಕ್ಕಾಗಿ ಆಡಲಿಲ್ಲ. ಕೈಗೆಟುಕುವ ವಸ್ತುವಿನ ಬೆಲೆ ಕಣ್ಣಿಗೆ ಬೀಳದೆಂಬುದೇ ಅದರ ಇಂಗಿತ. ಇಂದು ಗಾಳಿ ತಿರುಗಿ ಬೀಸುತ್ತಿದೆ. ಹಿತ್ತಲಿನದೆಲ್ಲವೂ ಮದ್ದೇ ಎಂದು ಸಾರುವವರು ಹೆಚ್ಚಿದ್ದಾರೆ. ಬೆಳಗಾದರೆ ಮೊಬೈಲಿನಲ್ಲಿ ಒಬ್ಬರು ಅರಿಸಿನದ ಕಷಾಯವನ್ನೂ ಇನ್ನೊಬ್ಬರು ಬೆಳ್ಳುಳ್ಳಿಯ ರಸವನ್ನೂ ಸರ್ವರೋಗಪರಿಹಾರಕವೆಂದು ಬಣ್ಣಿಸುತ್ತಾರೆ. ಹಿಂದಿನ ತಾತ್ಸಾರ, ಇಂದಿನ ಕುರುಡು ಅಭಿಮಾನ ಇವೆರಡರಲ್ಲಿಯೂ ಪರೀಕ್ಷೆಯೆಂಬುದಿಲ್ಲ. ಮನೆಯ ಆರೈಕೆ ಅವಶ್ಯವಾಗಿ ಬೇಕು. ಆದರೆ ಅದಕ್ಕೆ ಕಾರಣದ ಅರಿವು, ಪ್ರಮಾಣದ ಅಳತೆ, ಮೇರೆಯ ಪರಿವೆ ಈ ಮೂರೂ ಇರಬೇಕು. ಇವನ್ನು ಕಲಿಸುವ ಹೊಣೆ ಶಾಲೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

1983ರ ಮಳೆಗಾಲ. ಹೊಸದಾಗಿ ಉಪಾಧ್ಯಾಯನಾಗಿದ್ದ ನಾನು ಒಂದು ಪ್ರಸಾದ ನಿಲಯದ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದೆ. ಒಂದು ರಾತ್ರಿ ಐದನೆಯ ತರಗತಿಯ ಹುಡುಗನೊಬ್ಬನಿಗೆ ವಾಂತಿಭೇದಿ ಆರಂಭವಾಯಿತು. ಅಡುಗೆಯ ಅಜ್ಜಿ ಉಪ್ಪು ಹಾಕಿದ ಗಂಜಿಯ ತಿಳಿಯನ್ನು ಬಟ್ಟಲಿನಲ್ಲಿ ತಂದು, “ಮಾಸ್ತರ, ಹುಡುಗ ಬಾಡಿ ಹೋಗ್ಯಾನ್ರಿ. ನಾಕು ಗುಟುಕು ಕುಡಸ್ತೀನ್ರಿ” ಎಂದಳು. ನಾನು ತಡೆದೆ. ಹೊಟ್ಟೆಗೆ ಹಾಕಿದಷ್ಟೂ ಭೇದಿ ಹೆಚ್ಚುವುದೆಂದೂ ಬೆಳಗಿನ ತನಕ ನೀರು ಸಹ ಕೊಡಬಾರದೆಂದೂ ಅಪ್ಪಣೆ ಮಾಡಿದೆ. ಬೆಳಗಾಗುವಷ್ಟರಲ್ಲಿ ಹುಡುಗನ ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಹೊತ್ತೊಯ್ದೆವು. ನರಕ್ಕೆ ಬಾಟಲಿ ಏರಿಸಿದ ವೈದ್ಯರು, “ಭೇದಿಗಿಂತ ಹೆಚ್ಚಾಗಿ ನೀವೇ ಈ ಮಗುವನ್ನು ಒಣಗಿಸಿದ್ದೀರಿ” ಎಂದರು. ಹುಡುಗ ಉಳಿದನು. ಪದವೀಧರನಾದ ನಾನು ಅಜ್ಜಿಯ ಮುಂದೆ ತಪ್ಪೊಪ್ಪಿಕೊಳ್ಳುವ ಧೈರ್ಯ ಮಾಡಲಿಲ್ಲ. ಈಗ ಒಪ್ಪಿಕೊಳ್ಳೋಣವೆಂದರೆ ಆಕೆಯಿಲ್ಲ.

ಆ ರಾತ್ರಿಗೆ 12 ವರ್ಷ ಮೊದಲೇ, 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತ್ತು. ನರಕ್ಕೆ ಕೊಡುವ ದ್ರವ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬೀಸರು ಸಕ್ಕರೆಯ ಸತ್ವವಾದ ಗ್ಲೂಕೋಸು, ಉಪ್ಪು, ಅಡುಗೆ ಸೋಡಾಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಭೇದಿಯಲ್ಲಿ ಪ್ರಾಣ ತೆಗೆಯುವುದು ಬಹುಮಟ್ಟಿಗೆ ನೀರಿನ ಹಾಗೂ ಉಪ್ಪಿನ ನಷ್ಟ. ಬರಿಯ ನೀರನ್ನು ಬಳಲಿದ ಕರುಳು ಚೆನ್ನಾಗಿ ಹೀರಲಾರದು. ಆದರೆ ಸಕ್ಕರೆಯ ಸಂಗಡ ಉಪ್ಪು ಒಳಹೊಗುತ್ತದೆ, ಅವುಗಳನ್ನು ನೀರು ಹಿಂಬಾಲಿಸುತ್ತದೆ. ಅಜ್ಜಿಯ ಗಂಜಿಯಲ್ಲಿದ್ದುದೂ ಇದೇ ತತ್ತ್ವ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಸಕ್ಕರೆಯಾಗಿ ಒಡೆಯುತ್ತದೆ. ಆಕೆಗೆ ಕಾರಣ ತಿಳಿದಿರಲಿಲ್ಲ, ಕ್ರಮ ತಿಳಿದಿತ್ತು. ನನಗೆ ಎರಡೂ ತಿಳಿದಿರಲಿಲ್ಲ, ಅಧಿಕಾರ ಮಾತ್ರವಿತ್ತು.

ಹಾಗೆಂದು ಅಜ್ಜಿಯ ಕೈ ಅಂದಾಜಿಗೇ ಎಲ್ಲವನ್ನೂ ಬಿಡಬೇಕೆಂದು ನಾನು ಹೇಳಲಾರೆ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮಮಟ್ಟವಾಗಿ ತುಂಬಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಎಂಬುದು ಒಪ್ಪಿತವಾದ ಅಳತೆ. ಉಪ್ಪು ಮಿತಿಮೀರಿದರೆ ಮಗುವಿಗೆ ಅಪಾಯ, ಸಕ್ಕರೆ ಮಿತಿಮೀರಿದರೆ ಭೇದಿಯೇ ಹೆಚ್ಚುತ್ತದೆ. ಬಾಯಿಗೆ ಕಣ್ಣೀರಿಗಿಂತ ಉಪ್ಪಾಗಿರಕೂಡದು. ಒಂದು ದಿನ ಕಳೆದರೆ ಚೆಲ್ಲಿ ಹೊಸದನ್ನು ಮಾಡಬೇಕು. ಓ.ಆರ್.ಎಸ್. ಪೊಟ್ಟಣ ದೊರೆಯುವಲ್ಲಿ ಅದೇ ಉತ್ತಮ. ಆದರೆ ಅಂಥ ಹೆಸರು ಹೊತ್ತ ಸಿಹಿ ಪಾನೀಯಗಳೂ ಅಂಗಡಿಗಳಲ್ಲಿ ಮಾರಾಟವಾದುದುಂಟು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರ ದೀರ್ಘ ಹೋರಾಟದ ಬಳಿಕ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನೀಯಗಳು ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ಓದು ಬಲ್ಲವರೂ ಚೀಟಿಯನ್ನು ಓದದೆ ಕೊಂಡರೆಂಬುದು ನಾವು ಯೋಚಿಸಬೇಕಾದ ಸಂಗತಿ.

ಮೇರೆಯ ಮಾತೂ ಅಷ್ಟೇ ಮುಖ್ಯ. ಮಲದಲ್ಲಿ ರಕ್ತ ಕಂಡರೆ, ಕುಡಿದುದೆಲ್ಲ ವಾಂತಿಯಾದರೆ, ಮಗು ಮಂಕಾಗಿ ಕುಡಿಯದಾದರೆ, ಮೂತ್ರ ನಿಂತರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಹಿಂದಕ್ಕೆ ಸರಿದರೆ, ಮನೆಯ ಆರೈಕೆಯ ಗಡಿ ಮುಗಿಯಿತು; ಆಸ್ಪತ್ರೆಯ ಹಾದಿ ಹಿಡಿಯಬೇಕು. ದಾರಿಯುದ್ದಕ್ಕೂ ಕುಡಿಯಬಲ್ಲ ಮಗುವಿಗೆ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು. ಮೇರೆಯನ್ನರಿಯದ ಮನೆಮದ್ದು ಆರೈಕೆಯಲ್ಲ, ಕಾಲಹರಣ.

ಇದನ್ನು ಕಲಿಸುವ ಬಗೆ ಹೇಗೆಂದು ಕೇಳುವ ಸಹೋದ್ಯೋಗಿಗಳಿಗೆ ನೆರೆಯ ನಾಡಿನ ನಿದರ್ಶನವೊಂದುಂಟು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಮಹಿಳೆಯರು 1980ರಿಂದ 1990ರವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಮನೆಗಳಿಗೆ ನಡೆದು ಹೋಗಿ, ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅಲ್ಲಿನ ಅಳತೆಯ ಅರ್ಧ ಸೇರು ನೀರು ಇಷ್ಟರಿಂದ ದ್ರಾವಣ ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ಕೆಲವು ದಿನಗಳ ಮೇಲೆ ಬೇರೊಬ್ಬರು ಹೋಗಿ, ಆ ತಾಯಂದಿರಲ್ಲಿ ಎಷ್ಟು ನೆನಪುಳಿದಿದೆಯೆಂದು ಪರೀಕ್ಷಿಸುತ್ತಿದ್ದರು. ಉಳಿದ ನೆನಪಿಗೆ ತಕ್ಕಂತೆ ಕಲಿಸಿದವರಿಗೆ ಸಂಬಳ! ನಮ್ಮ ಸಂಬಳವನ್ನೂ ಹಾಗೆಯೇ ಎಣಿಸಿದ್ದರೆ ಎಷ್ಟು ಮಂದಿಯ ಕೈಗೆ ಎಷ್ಟು ಬರುತ್ತಿತ್ತೆಂಬುದನ್ನು ಉಪಾಧ್ಯಾಯ ಬಂಧುಗಳು ತಮ್ಮಲ್ಲಿಯೇ ಕೇಳಿಕೊಳ್ಳಲಿ. ನಾನಂತೂ ಕೇಳಿಕೊಂಡಿದ್ದೇನೆ, ಉತ್ತರ ಹಿತವಾಗಿರಲಿಲ್ಲ.

ಆದುದರಿಂದ ನನ್ನ ಬಿನ್ನಹ ಎರಡು. ಮೊದಲನೆಯದು, ಏಳನೆಯ ತರಗತಿಯನ್ನು ದಾಟುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ದ್ರಾವಣವನ್ನು ತನ್ನ ಕೈಯಾರೆ ಅಳೆದು ಮಾಡಿ, ರುಚಿ ನೋಡಿ, ಮನೆಯಲ್ಲಿ ತಾಯಿಗೂ ತಂದೆಗೂ ಕಲಿಸಿ ಬರಬೇಕು. ತಿಂಗಳ ಬಳಿಕ ಅವರ ನೆನಪನ್ನು ನಾವು ವಿಚಾರಿಸಬೇಕು. ಎರಡನೆಯದು, ಊಟಕ್ಕೆ ಮುನ್ನ ಮತ್ತು ಶೌಚದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ನಿಯಮವಾಗಬೇಕು. ಈ ಅಭ್ಯಾಸವೊಂದರಿಂದಲೇ ಮಕ್ಕಳ ಭೇದಿ ನೂರಕ್ಕೆ ಸುಮಾರು ಮೂವತ್ತರಷ್ಟು ತಗ್ಗುವುದೆಂದು ಅಧ್ಯಯನಗಳು ತೋರಿಸಿವೆ. ಆದರೆ ನಲ್ಲಿಯಲ್ಲಿ ನೀರೂ ಅದರ ಬಳಿ ಸಾಬೂನೂ ಇಲ್ಲದಿರುವಲ್ಲಿ ಕೈತೊಳೆಯುವ ಉಪದೇಶ ವ್ಯರ್ಥ.

ಇಲ್ಲಿ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು. ಕೊಠಡಿ ಕಟ್ಟಿಸಿದವರ ಹೆಸರು ಗೋಡೆಯ ಶಿಲೆಯಲ್ಲಿ ನಿಲ್ಲುತ್ತದೆ. ಆ ಉಪಕಾರವನ್ನು ಯಾರೂ ಕಡೆಗಣಿಸಲಾರರು. ಸಾಬೂನಿನ ಮೇಲೆ ಹೆಸರು ಕೆತ್ತಿಸಿದರೆ ವಾರದಲ್ಲಿ ಕರಗಿಹೋಗುತ್ತದೆ. ಆದರೂ ಆ ಹೆಸರಿಲ್ಲದ ದಾನವನ್ನು ತಿಂಗಳು ತಿಂಗಳೂ ನಡೆಸುವವರು ನಮ್ಮಲ್ಲಿ ಮುಂದೆ ಬರಬೇಕು. ಅಡುಗೆಯ ಅಜ್ಜಿಯ ಹೆಸರನ್ನೂ ಯಾವ ಶಿಲೆಯೂ ಹೊತ್ತಿಲ್ಲ. ಆಕೆಯ ಕೈಯಲ್ಲಿದ್ದ ಬಟ್ಟಲನ್ನು ನಾನು ಅಂದು ತಡೆದೆ. ಇನ್ನು ಮುಂದೆ ಯಾವ ಉಪಾಧ್ಯಾಯನೂ ತಡೆಯದಂತಾದರೆ ನನ್ನ ಋಣದಲ್ಲಿ ಸ್ವಲ್ಪವಾದರೂ ತೀರಿತೆಂದು ಭಾವಿಸುವೆನು.