ಅವರ ತಿಂಗಳಿಗೆ 28 ದಿನ, ನಮ್ಮ ದುಡ್ಡಿಗೆ ತಿಂಗಳೇ ಇಲ್ಲ

ಬೆಳೆ ವಿಮೆ ಸುದ್ದಿಗೆ ಅಂತ ಹೋದವರು ನಾವು. ಬ್ಯಾಂಕ್ ಮಿತ್ರನ ಅಂಗಡಿ ಮುಂದೆ ನಮ್ಮ ಓಣಿಯ ದೊಡ್ಡವ್ವ ಪಾಸ್‌ಬುಕ್ ಹಿಡಿದು ನಿಂತಿದ್ದರು. ಗೃಹಲಕ್ಷ್ಮಿಯ 2,000 ಬಿದ್ದಿತ್ತು. ತೆಗೆಯಲು ಹೋದರೆ 1,801 ಮಾತ್ರ ಇತ್ತು.

"ಯಪ್ಪಾ, ನಾ ಏನೂ ತಗೊಂಡಿಲ್ಲ. ರೊಕ್ಕ ಹ್ಯಾಂಗ ಹೋತು?"

ಬ್ಯಾಂಕ್ ಮಿತ್ರನಿಗೂ ಗೊತ್ತಾಗಲಿಲ್ಲ. "ಯಾವುದೋ ಯುಪಿಐ ಐತಿ" ಅಂದ. ದೊಡ್ಡವ್ವನ ಹತ್ತಿರ ಫೋನೇ ಇಲ್ಲ. ಖಾತೆಗೆ ಕೊಟ್ಟಿರುವ ನಂಬರ್ ಮೊಮ್ಮಗನದು, ಯುಪಿಐ ಇರುವುದೂ ಅವನ ಫೋನಲ್ಲೇ. ಹುಡುಗನನ್ನು ಕರೆಸಿದೆವು. ರೀಲ್ಸ್ ನೋಡುವಾಗ ಒಂದು ಜಾಹೀರಾತು ಬಂದಿತ್ತಂತೆ. ಎರಡೆರಡು ನಿಮಿಷದ ಸೀರಿಯಲ್ ಕಥೆ, 1 ರೂಪಾಯಿಗೆ ಏಳು ದಿನ. ಪಿನ್ ಹೊಡೆದ, ನೋಡಿದ, ಮೂರನೇ ದಿನ ಬೇಜಾರಾಗಿ ಆ್ಯಪ್ ಅಳಿಸಿದ. ಅಳಿಸಿದ ಮೇಲೆ ಮುಗೀತು ಅಂದುಕೊಂಡ. ನಾಲ್ಕು ತಿಂಗಳಿಂದ ತಿಂಗಳಿಗೆ 199 ಹೋಗುತ್ತಲೇ ಇದೆ. ಒಟ್ಟು 796 ರೂಪಾಯಿ. ಕಥೆಯ ಕೊನೆ ಏನಾಯ್ತು ಅಂತ ಅವನಿಗೂ ಗೊತ್ತಿಲ್ಲ.

ಇಂಥದ್ದು ಕೇಳಿದ ಕೂಡಲೇ ಕಟ್ಟೆ ಮೇಲೆ ಕೂತವರು ಹೇಳುವ ಮಾತು ಒಂದೇ: "ಮೊಬೈಲು ಬಂದು ಹುಡುಗರು ಕೆಟ್ಟವು." ಪೇಟೆಯ ಲೇಖಕರೂ ಇದನ್ನೇ ಇನ್ನಷ್ಟು ಚಂದ ಮಾಡಿ ಬರೆಯುತ್ತಾರೆ. ಹಳ್ಳಿಯವರು ಸಿನಿಮಾ, ಸೀರಿಯಲ್, ಕ್ರಿಕೆಟ್ ಅಂತ ದುಡ್ಡು ಹಾಳು ಮಾಡುತ್ತಿದ್ದಾರಂತೆ. ನಾವು ಇದನ್ನು ಒಪ್ಪುವುದಿಲ್ಲ. ದಿನವಿಡೀ ಹೊಲದಲ್ಲಿ ಕಳೆ ತೆಗೆದು ಬಂದವಳು ರಾತ್ರಿ ಅರ್ಧ ತಾಸು ಸೀರಿಯಲ್ ನೋಡಿದರೆ ಅದು ದುಂದುವೆಚ್ಚ ಹೇಗಾಗುತ್ತದೆ? ಬೆಂಗಳೂರಲ್ಲಿ ಅದನ್ನೇ ನೋಡಿದರೆ ಮನರಂಜನೆ, ಇಲ್ಲಿ ನೋಡಿದರೆ ಹಾಳಾಗುವುದೋ? ನಮ್ಮ ಜಗಳ ನೋಡುವುದರ ಮೇಲಲ್ಲ, ದುಡ್ಡು ಕಟ್ಟಿಸಿಕೊಳ್ಳುವ ರೀತಿಯ ಮೇಲೆ.

ತಿಂಗಳು ತಿಂಗಳು ಕಟ್ ಆಗುವ ಈ ಪದ್ಧತಿ ಸಂಬಳದವರಿಗೆ ಮಾಡಿದ್ದು. ಒಂದನೇ ತಾರೀಕು ಸಂಬಳ ಬೀಳುತ್ತದೆ, ಐದನೇ ತಾರೀಕು ಕಟ್ ಆಗುತ್ತದೆ, ಅವರಿಗೆ ತೊಂದರೆ ಇಲ್ಲ. ನಮ್ಮ ಕಡೆ ದುಡ್ಡು ಹಾಗೆ ಬರುತ್ತದೆಯೇ? ಮೆಕ್ಕೆಜೋಳದ್ದು ದೀಪಾವಳಿ ಆದ ಮೇಲೆ, ಮೆಣಸಿನಕಾಯಿಯದು ಬ್ಯಾಡಗಿ ಮಾರುಕಟ್ಟೆ ಏರಿದಾಗ, ಹಾಲಿನದು ಡೇರಿ ಬಟವಾಡೆ ಆದಾಗ, ಉದ್ಯೋಗ ಖಾತ್ರಿಯದು ದೇವರು ಕಣ್ಣು ಬಿಟ್ಟಾಗ. ನಾವು ಸ್ಟ್ರಿಂಗರ್‌ಗಳೂ ಹಾಗೇ. ಸುದ್ದಿಗೆ ಇಷ್ಟು ಅಂತ ಲೆಕ್ಕ, ಅದು ಬಂದಾಗ ಬಂತು. "ದಿನಕ್ಕೆ ಬರೀ 7 ರೂಪಾಯಿ, ಒಂದು ಚಹಾದ ದುಡ್ಡು" ಅಂತ ಜಾಹೀರಾತು ಹೇಳುತ್ತದೆ. ಚಹಾ ಬೇಡ ಅನಿಸಿದ ದಿನ ಹೋಟೆಲಿನವನು ನಮ್ಮ ಕಿಸೆಗೆ ಕೈ ಹಾಕುವುದಿಲ್ಲ.

ಮೊಬೈಲ್ ಕರೆನ್ಸಿಯ ಕಥೆ ನೋಡಿ. ಪ್ಯಾಕ್‌ಗೆ 28 ದಿನ. ವರ್ಷಕ್ಕೆ 12 ತಿಂಗಳಾದರೂ ನಾವು ಹಾಕಿಸುವುದು 13 ಸಲ. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿಐ ಮೂರೂ ಒಂದೇ ವಾರದಲ್ಲಿ ದರ ಏರಿಸಿದವು. ಜಿಯೋದ 239ರ ಪ್ಯಾಕ್ 299 ಆಯ್ತು, ಏರ್‌ಟೆಲ್‌ನ 265ರದ್ದೂ 299ಕ್ಕೇ ಬಂದು ನಿಂತಿತು. ನಮ್ಮ ಮನೆಯಲ್ಲಿ ನಾಲ್ಕು ಸಿಮ್. ನಾಲ್ಕಕ್ಕೂ 299ರಂತೆ 1,196; ಹದಿಮೂರು ಸಲಕ್ಕೆ 15,548. ಡಿಶ್‌ಗೆ ತಿಂಗಳಿಗೆ 300ರಂತೆ 3,600. ಕ್ರಿಕೆಟ್ಟಿನ ಆ್ಯಪ್‌ಗೆ ಮೂರು ತಿಂಗಳಿಗೆ 149ರಂತೆ ವರ್ಷಕ್ಕೆ 596. ಕೂಡಿಸಿದರೆ 19,744 ರೂಪಾಯಿ. 2025–26ರಲ್ಲಿ ಮೆಕ್ಕೆಜೋಳಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಅಂದರೆ ಎಂಟು ಕ್ವಿಂಟಲ್ ಮೆಕ್ಕೆಜೋಳ ಬರೀ ಮಾತಾಡಲು, ನೋಡಲು ಹೋಯಿತು. ಆ ಬೆಲೆಯೂ ಸಿಗಲಿಲ್ಲ ಅಂತ ರೈತರು ರಸ್ತೆಗೆ ಇಳಿದದ್ದು ಬೇರೆ ಮಾತು.

ಈ ಲೆಕ್ಕ ಹಾಕುವಾಗ ನಮಗೇ ನಾಚಿಕೆ ಆದದ್ದು ಅವ್ವನ ಸಿಮ್ಮಿಗೆ. ಅವ್ವನದು ಕೀಪ್ಯಾಡ್ ಫೋನ್. ಇಂಟರ್‌ನೆಟ್ ಅದಕ್ಕೆ ಬರುವುದೇ ಇಲ್ಲ. ಆದರೂ "ಎಲ್ಲರಿಗೂ ಅದನ್ನೇ ಹಾಕಪಾ" ಅಂತ ದಿನಕ್ಕೆ 1 ಜಿಬಿ ಡೇಟಾ ಇರುವ ಪ್ಯಾಕ್ ಹಾಕಿಸುತ್ತಿದ್ದೆವು. ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಬೇರೆಯಾಗಿ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ನಿಯಮ ಮಾಡಿತು. ಮರು ತಿಂಗಳು ಏರ್‌ಟೆಲ್ 1,849ಕ್ಕೆ 365 ದಿನದ ಪ್ಯಾಕ್ ತಂದಿತು. 299ನ್ನು ಹದಿಮೂರು ಸಲ ಹಾಕಿಸಿದರೆ 3,887. ಉಳಿಯುವುದು 2,038. ಒಂದು ತಿಂಗಳ ಗೃಹಲಕ್ಷ್ಮಿ! ಅಂಗಡಿಯವನು ಇದನ್ನು ಹೇಳಲಿಲ್ಲ, ನಾವೂ ಕೇಳಿರಲಿಲ್ಲ. ಈಗ ದರ ಬದಲಾಗಿದ್ದರೂ ಇರಬಹುದು, ಆದರೆ "ಮಾತಿನ ಪ್ಯಾಕ್ ಮಾತ್ರ ಹಾಕು" ಅಂತ ಕೇಳಿ, ಕೊಡಲೇಬೇಕು.

ಅದೇ ಜನವರಿಯಲ್ಲಿ ಜಿಯೋ ತಂದ ಮಾತಿನ ಪ್ಯಾಕ್ 1,748ಕ್ಕೆ 336 ದಿನ. 336 ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡೆವು. 28ನ್ನು 12ರಿಂದ ಗುಣಿಸಿ ನೋಡಿ.

ತಿಂಗಳಿಗೆ ಸರಿಯಾಗಿ ಅದೇ ತಾರೀಕಿಗೆ ಬರುವ ಪ್ಯಾಕ್ ಕನಿಷ್ಠ ಒಂದಾದರೂ ಇರಬೇಕು ಅಂತ 2022ರ ಜನವರಿಯಲ್ಲೇ ಟ್ರಾಯ್ ಆದೇಶ ಮಾಡಿದೆ. ಜಿಯೋದಲ್ಲಿ ಅದು 319 ಆಗಿತ್ತು. ಹನ್ನೆರಡು ಸಲಕ್ಕೆ 3,828. ಹದಿಮೂರು ಸಲದ 299ಕ್ಕೆ ಹೋಲಿಸಿದರೆ ಉಳಿತಾಯ ಬರೀ 59 ರೂಪಾಯಿ. ದೊಡ್ಡದೇನಲ್ಲ, ಆದರೂ ತಾರೀಕು ನೆನಪಿರುತ್ತದೆ.

ಇನ್ನು ಡಿಶ್. ಕಲರ್ಸ್ ಕನ್ನಡದ ಸೀರಿಯಲ್‌ಗೆ ಡಿಶ್‌ನಲ್ಲಿ ದುಡ್ಡು ಕಟ್ಟುತ್ತೇವೆ. ಅದೇ ಸೀರಿಯಲ್ ಫೋನಲ್ಲಿ ನೋಡಲು ಜಿಯೋಹಾಟ್‌ಸ್ಟಾರ್‌ಗೂ ಕಟ್ಟುತ್ತೇವೆ. ಜೀ ಕನ್ನಡದ್ದು ಜೀ5ನಲ್ಲಿ. ಒಂದೇ ಎಮ್ಮೆಯ ಹಾಲಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಒಮ್ಮೆ ಬುಟ್ಟಿ ಮತ್ತು ಬಾಕ್ಸ್ ತಂದರೆ ಆಯ್ತು, ಚಂದನ ಬರುತ್ತದೆ. ಆದರೆ ಮನೆಯವರು ಕೇಳುವ ಸೀರಿಯಲ್ ಅದರಲ್ಲಿ ಸಿಗದು. ಹಾಗಾಗಿ "ಫ್ರೀ ಡಿಶ್ ಹಾಕಿಸಿ ಸುಮ್ಮನಿರಿ" ಅಂತ ನಾವು ಹೇಳುವುದಿಲ್ಲ. ಡಿಶ್ ಬೇಕೋ ಆ್ಯಪ್ ಬೇಕೋ, ಮನೆಮಂದಿ ಕೂತು ಒಂದನ್ನು ಹಿಡಿಯಿರಿ ಅನ್ನುತ್ತೇವೆ. ನಮ್ಮನೆಯಲ್ಲಿ ಡಿಶ್ ಗೆದ್ದಿತು. ಕರೆಂಟ್ ಹೋದಾಗ ಮಾತ್ರ ಈ ತೀರ್ಮಾನಕ್ಕೆ ಎಲ್ಲರೂ ಬೈಯುತ್ತಾರೆ.

ಕ್ರಿಕೆಟ್ ವಿಷಯ ಇನ್ನೂ ಚಂದ. 2023 ಮತ್ತು 2024ರಲ್ಲಿ ಐಪಿಎಲ್ ಫೋನಲ್ಲಿ ಪುಕ್ಕಟೆ ತೋರಿಸಿದರು. ಎರಡು ವರ್ಷ ರುಚಿ ಹತ್ತಿಸಿ 2025ರಲ್ಲಿ ದುಡ್ಡಿಗೆ ಇಟ್ಟರು. ಆ ವರ್ಷವೇ ಆರ್‌ಸಿಬಿ ಗೆಲ್ಲಬೇಕೇ! ಜೂನ್ 3ರ ರಾತ್ರಿ ನಮ್ಮೂರಲ್ಲಿ ಪ್ಯಾಕ್ ಹಾಕಿಸದ ಹುಡುಗನನ್ನು ಹುಡುಕಬೇಕಿತ್ತು. ಹಾಕಿಸಲಿ, ಹದಿನೆಂಟು ವರ್ಷ ಕಾದವರು. ಪ್ರಶ್ನೆ ಇರುವುದು ಜೂನ್ 4ರಿಂದ. ಕಪ್ ಬಂತು, ಆಟ ಮುಗೀತು, ಕಟ್ ಆಗುವುದು ನಿಂತಿತೇ?

ನಿಲ್ಲುವುದಿಲ್ಲ. ಆಟೋಪೇ ಇರುವುದೇ ಅದಕ್ಕೆ. ಒಮ್ಮೆ ಪಿನ್ ಹೊಡೆದರೆ ಸಾಕು, ಆಮೇಲೆ ಪ್ರತಿ ಸಲ ಕೇಳಬೇಕಾಗಿಲ್ಲ. ಹೀಗೆ ಕೇಳದೆ ತೆಗೆಯಬಹುದಾದ ಮಿತಿ ಮೊದಲು 5,000 ಇತ್ತು, 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ 15,000ಕ್ಕೆ ಏರಿಸಿತು. ಕಟ್ ಆಗುವ 24 ಗಂಟೆ ಮೊದಲು ತಿಳಿಸಬೇಕು ಅಂತಲೂ ರಿಸರ್ವ್ ಬ್ಯಾಂಕಿನ ನಿಯಮವಿದೆ. ದೊಡ್ಡವ್ವನ ವಿಷಯದಲ್ಲಿ ಆ ಸಂದೇಶ ಬಂದಿತ್ತು. ಇಂಗ್ಲಿಷಿನಲ್ಲಿ, ಮೊಮ್ಮಗನ ಫೋನಿಗೆ, ಲೋನ್ ಕೊಡುತ್ತೇವೆ ಅನ್ನುವ ಇಪ್ಪತ್ತು ಮೆಸೇಜುಗಳ ನಡುವೆ. ಇದನ್ನು ತಿಳಿಸಿದ್ದು ಅಂತ ಹೇಗೆ ಒಪ್ಪುವುದು? ಗೃಹಲಕ್ಷ್ಮಿ ಬಿದ್ದ ಖಾತೆಯ ಒಡತಿಗೆ, ಅವಳ ಭಾಷೆಯಲ್ಲಿ ಹೇಳದೆ ಹೋದದ್ದನ್ನು ನಾವು ಒಪ್ಪಿಗೆ ಅನ್ನುವುದಿಲ್ಲ. ಇನ್ನು ಕೆಲವರ ಖಾತೆಯಿಂದಲೇ ಬೈಕಿನ ಕಂತೂ ಹೋಗುತ್ತದೆ. 199 ಮೊದಲು ಹಾರಿ, ಕಂತಿಗೆ 199 ಕಡಿಮೆ ಬಿದ್ದರೆ ಕಂತು ಬೌನ್ಸ್, ಅದಕ್ಕೆ ಬೇರೆ ದಂಡ.

ಸೇರುವುದಕ್ಕೆ ಒಂದು ಒತ್ತು, ಬಿಡುವುದಕ್ಕೆ ಹತ್ತು ಬಾಗಿಲು ಇಡುವುದಕ್ಕೆ ಸರ್ಕಾರವೇ ಹೆಸರು ಕೊಟ್ಟಿದೆ: ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್. 2023ರ ನವೆಂಬರ್ 30ರ ಗ್ರಾಹಕ ರಕ್ಷಣೆ ಮಾರ್ಗಸೂಚಿಯಲ್ಲಿ ಮೋಸದ 13 ಬಗೆ ಎಣಿಸಿದ್ದಾರೆ, ಅದರಲ್ಲಿ ಇದೂ ಒಂದು. 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಕೊಡಬಹುದು. ಕೊಡಿ. 199ಕ್ಕೆ ಯಾರು ದೂರು ಕೊಡುತ್ತಾರೆ ಅನ್ನುವ ಧೈರ್ಯದ ಮೇಲೆಯೇ ಅವರ ವ್ಯಾಪಾರ ನಡೆಯುತ್ತಿದೆ.

ಆ್ಯಪ್ ಅಳಿಸಿದರೆ ಆಟೋಪೇ ಹೋಗುವುದಿಲ್ಲ, ಇದೊಂದು ಮಾತು ಮನೆಯ ಎಲ್ಲರಿಗೂ ಹೇಳಿ. ಫೋನ್‌ಪೇ ಇರಲಿ, ಗೂಗಲ್ ಪೇ ಇರಲಿ, ಮೇಲಿನ ಪ್ರೊಫೈಲ್ ಚಿತ್ರ ಒತ್ತಿ ಆಟೋಪೇ ಅಂತ ಹುಡುಕಿ. ಅಲ್ಲಿ ಪಟ್ಟಿ ಇರುತ್ತದೆ, ಬೇಡದ್ದನ್ನು ರದ್ದು ಮಾಡಿ. ಪ್ಲೇ ಸ್ಟೋರ್ ಮೂಲಕ ತಗೊಂಡಿದ್ದರೆ ಪ್ಲೇ ಸ್ಟೋರ್‌ನಲ್ಲೂ ಸಬ್‌ಸ್ಕ್ರಿಪ್ಷನ್ಸ್ ಅಂತ ಇರುತ್ತದೆ, ಅಲ್ಲೂ ನೋಡಬೇಕು. ಸರ್ಕಾರದ ದುಡ್ಡು, ಡೇರಿ ದುಡ್ಡು ಬೀಳುವ ಖಾತೆಗೆ ಮಾತ್ರ ಆಟೋಪೇ ಬೇಡವೇ ಬೇಡ. ನೋಡಬೇಕಾದದ್ದು ಬಂದಾಗ ಕೈಯಾರೆ ಹಾಕಿಸಿ, ಮುಗಿದಾಗ ಮುಗಿಯಲಿ.

ದೊಡ್ಡವ್ವನದು ಅಂದೇ ರದ್ದು ಮಾಡಿಸಿದೆವು. 796 ವಾಪಸ್ ಬರಲಿಲ್ಲ, 1915ಕ್ಕೆ ದೂರು ಹೋಗಿದೆ. ಮೊಮ್ಮಗ ಗದ್ದಲದಲ್ಲಿ ನಮ್ಮ ಫೋನನ್ನೂ ಇಸಿದುಕೊಂಡು, "ಕಾಕಾ, ನಿಮ್ದೂ ನೋಡೂಣು" ಅಂದ. ಎರಡು ಇದ್ದವು. ಒಂದು ಇಂಗ್ಲಿಷ್ ಪತ್ರಿಕೆಯ ಆ್ಯಪ್, ಕಲಿಯೋಣ ಅಂತ ಸೇರಿ ಎಂಟು ತಿಂಗಳಿಂದ ತೆರೆದೇ ಇಲ್ಲ. ಅದನ್ನು ಅಲ್ಲೇ ತೆಗೆಸಿದೆವು. ಇನ್ನೊಂದು ಹಾಡಿನದು. ಅದನ್ನು ಮುಟ್ಟಲು ಮನೆಯಾಕೆ ಬಿಡಲಿಲ್ಲ.